ನಲವತ್ತು ಹಲ್ಲಿನ ಬ್ಲೇಡ್

ಅಕ್ಟೋಬರ್ 11, 2012. ಗುರುವಾರ

ಬೆಳಿಗ್ಗೆ ನೀರು ಬಿಟ್ಟೆ. ಮೋಟರ್ ಎರಡು ಸಲ ಟ್ರಿಪ್ ಆಯಿತು. ಬೈದೆ. ಮೂರನೇ ಸಲ ಓಡಿತು.

ಬಾಡಿಗೆ ರೂಮುಗಳಿಗೆ ಟೈಲ್ಸ್ ಹಾಕಿ ಮುಗಿಯಿತು. ನೆಲ ಮೇಲೆ ಬಂತು, ಬಾಗಿಲು ಇದ್ದಲ್ಲೇ ಉಳಿಯಿತು. ಈಗ ಉಜ್ಜುತ್ತದೆ, ಮುಚ್ಚುವುದಿಲ್ಲ. ಮೊದಲೇ ಹೇಳಿದ್ದೆ. ನನ್ನ ಮಗ ನರೇಶನಿಗೆ ಅಮ್ಮನ ಮಾತೆಂದರೆ ಫ್ಯಾನ್ ಸದ್ದು. ಟೈಲ್ಸ್‌ನವನು ತನ್ನ ಮಷಿನ್ನಿನಲ್ಲೇ ಎರಡನೇ ರೂಮಿನ ಬಾಗಿಲು ಕೊಯ್ದ. ಟೈಲ್ಸ್ ಕೊಯ್ಯುವ ಬ್ಲೇಡಿಗೆ ಹಲ್ಲೇ ಇಲ್ಲ. ಮರ ಕೊಯ್ಯಲಿಲ್ಲ, ಸುಟ್ಟಿತು. ಅಂಚು ಕರ್ರಗೆ, ರೂಮೆಲ್ಲ ಹೊಗೆ.

"ಬಾಗ್ಲು ಕುಯ್ತಿದ್ದೀಯೋ ಓಮ ಮಾಡ್ತಿದ್ದೀಯೋ?" ಎಂದೆ. ಸಿಟ್ಟು ಮಾಡಿಕೊಂಡು ಮಷಿನ್ ಎತ್ತಿಕೊಂಡು ಹೋದ. ಹೋಗಲಿ.

ಮೂರನೇ ರೂಮಿನ ಬಾಗಿಲನ್ನು ನರೇಶ ಕಳಚಿ ಹೊರಗಿನ ಗೋಡೆಗೆ ಒರಗಿಸಿದ್ದಾನೆ. ಅಲ್ಲಿರುವುದು ಬಾಗಲಕೋಟೆ ಕಡೆಯ ಹಣಮಂತ, ಅವನ ಹೆಂಡತಿ ಮಹಾದೇವಿ. ಬಾಗಿಲ ಜಾಗದಲ್ಲಿ ಅವಳ ಸೀರೆ ನೇತಾಡುತ್ತಿದೆ.

ಅ. 12

ಬಡಗಿ ದಾಸಪ್ಪ ನಾಳೆ ಬರುತ್ತಾನೆ ಎಂದ ನರೇಶ.

ಅ. 17

ಆ ನಾಳೆ ಇನ್ನೂ ಬಂದಿಲ್ಲ.

ಮಹಾದೇವಿ ಬಂದು ನಿಂತಳು. "ಅಮ್ಮಾರ, ಬಾಗಲಾ ಯಾವಾಗ ಹಚ್ಚಸ್ತೀರ್ರಿ?"

"ನಾನೇನು ಸೆರಗಲ್ಲಿ ಕಟ್ಕೊಂಡಿದ್ದೀನಾ ಬಾಗ್ಲು?"

ಸುಮ್ಮನೆ ಹೋದಳು. ಹಾಗೆ ಸುಮ್ಮನೆ ಹೋಗುವವರನ್ನು ಕಂಡರೆ ನನಗೆ ಇನ್ನೂ ಸಿಟ್ಟು. ಗಂಡನಿಗೆ ಔಷಧಿ ಫ್ಯಾಕ್ಟರಿಯಲ್ಲಿ ಈ ತಿಂಗಳು ಪೂರ್ತಿ ನೈಟ್ ಶಿಫ್ಟ್ ಅಂತೆ. ಪಕ್ಕದ ರೂಮಿನವರಿಂದ ಗೊತ್ತಾಯಿತು. ಬಾಯಿಬಿಟ್ಟು ಹೇಳಬಾರದೇ?

ಅ. 20. ಬೆಳಿಗ್ಗೆ 7

ರಾತ್ರಿ ಯಾರೋ ಆ ಸೀರೆ ಸರಿಸಿದ್ದಾನೆ. ಮಹಾದೇವಿ ರೊಟ್ಟಿ ಹಂಚು ಎತ್ತಿ ಕೂಗಿದ ಮೇಲೆ ಓಡಿದನಂತೆ.

"ಯಾರೇ ಅವ್ನು?"

"ಮಾರಿ ಕಾಣ್ಲಿಲ್ರಿ. ಕಾಲಷ್ಟ ಕಂಡ್ವು. ಚಪ್ಲಿ ಕೈಯಾಗ ಹಿಡ್ಕೊಂಡಿದ್ದ."

ಚಪ್ಪಲಿ ಕೈಯಲ್ಲಿ ಹಿಡಿದು ಬರುವವನು ಕುಡಿದು ದಾರಿ ತಪ್ಪಿದವನಲ್ಲ.

ಇವತ್ತು ನಮ್ಮ ಹಾಲಿನಲ್ಲೇ ಮಲಗು ಎಂದೆ.

ಅ. 21. ಭಾನುವಾರ

ಬೆಳಿಗ್ಗೆ ಮಹಾದೇವಿ ರೂಮಿಗೆ ಹೋದಳು, ಹೋದ ವೇಗದಲ್ಲೇ ವಾಪಸು ಬಂದಳು. ಹೋಗಿ ನೋಡಿದರೆ ನರೇಶ. ಜೊತೆಗೆ ಇಬ್ಬರು ಹುಡುಗರು, ಭಾನುವಾರವೂ ಕುತ್ತಿಗೆಗೆ ಕಂಪನಿ ಟ್ಯಾಗು. ಅವಳ ಪಾತ್ರೆಗಳನ್ನು ಕಾಲಲ್ಲಿ ಸರಿಸಿ ಟೈಲ್ಸ್ ತೋರಿಸುತ್ತಿದ್ದಾನೆ.

ನೇರ ದಾಸಪ್ಪನ ಮನೆಗೆ ನಡೆದೆ. "ಯಾಕ್ಲಾ ಬರ್ಲಿಲ್ಲ?"

"ನಿಮ್ ನರೇಶನೇ ಬ್ಯಾಡ ಅಂದ್ನಲ್ಲಕ್ಕ. ತಿಂಗ್ಳು ಕಳೀಲಿ ಅಂದ."

ಬರುವಾಗ ದಾರಿ ಕಾಣಲಿಲ್ಲ. ಒಬ್ಬ ಬೈಕಿನವನು ಬೈದ. ವಾಪಸು ಬೈಯಲೂ ಮರೆತೆ.

"ಬಾಗ್ಲಿಲ್ದೆ ಎಷ್ಟ್ ದಿನ ಇರ್ತಾರಮ್ಮ?" ನರೇಶ ಇಡ್ಲಿ ತಿನ್ನುತ್ತಲೇ ಹೇಳಿದ. "ಅವರೇ ಖಾಲಿ ಮಾಡ್ತಾರೆ. ನಾವು ಓಡಿಸ್ದಂಗೂ ಆಗಲ್ಲ. ಜಾಸ್ತಿ ಬಾಡಿಗೆ ಕೊಡೋಕೆ ಐಟಿ ಹುಡುಗ್ರು ಕಾಯ್ತಿದಾರೆ."

"ಥೂ! ಅಲ್ಲೊಬ್ಳು ಹಂಚು ಹಿಡ್ಕೊಂಡು ಕುಂತವ್ಳೆ, ನಿಂಗೆ ಬಾಡಿಗೆ ಚಿಂತೆ. ಇಂಥ ಬುದ್ಧಿ ಯಾವ್ ಸ್ಕೂಲಲ್ಲಿ ಏಳ್ಕೊಟ್ರೋ? ನಾನು ನಾಲ್ಕಕ್ಕೇ ಬಿಟ್ಟಿದ್ದು ಒಳ್ಳೇದಾಯ್ತು."

"ಅಷ್ಟಿದ್ರೆ ನೀನೇ ಕುಯ್ಸು. ಟೀಕ್ ಪ್ಲೈ ಅದು. ಒಂದು ಸಿಗುರೆದ್ರೂ ಅವರ ಅಡ್ವಾನ್ಸಲ್ಲಿ ಮುರ್ಕೊಂತೀನಿ."

ಮಹಾದೇವಿ ಕೇಳಿಸಿಕೊಂಡಳು. ರಾತ್ರಿ ನಮ್ಮಲ್ಲಿಗೆ ಬರುವುದಿಲ್ಲವಂತೆ. "ಒಮ್ಮೆ ಬಿಟ್ಟು ಬಂದಿದ್ಕ ಹಿಂಗಾತ್ರಿ. ಇನ್ನ ಬಿಡೂದಿಲ್ರಿ." ಟ್ರಂಕು ಎಳೆದು ಅಡ್ಡ ಇಟ್ಟುಕೊಂಡಿದ್ದಾಳೆ.

ಅ. 22. ಸೋಮವಾರ

ಅಟ್ಟದಿಂದ ಕಟಿಂಗ್ ಮಷಿನ್ ಇಳಿಸಿದೆ. ಪ್ಯಾಕಿಂಗ್ ಪೆಟ್ಟಿಗೆ ಮಾಡುವ ಯಾರ್ಡಿನಲ್ಲಿ ನಾನು ಕೆಲಸಕ್ಕಿದ್ದಾಗಿನದು. ದಾಸಪ್ಪ ಯಾಕೆ ಬೇಕು? ಬೊಮ್ಮಸಂದ್ರದಿಂದ ಲಾರಿ ಹತ್ತಿದ ಎಷ್ಟೋ ಪೆಟ್ಟಿಗೆಗಳ ಹಲಗೆ ನಾನು ಕೊಯ್ದದ್ದು.

ತುಂಡು ಪ್ಲೈ ಮೇಲೆ ಓಡಿಸಿ ನೋಡಿದೆ. ಮೇಲಿನ ಪದರ ಕೋಳಿ ಪುಕ್ಕದ ಹಾಗೆ ಎದ್ದು ನಿಂತಿತು. ಬ್ಲೇಡು ಚೂಪಾಗೇ ಇದೆ... ಸಿಟ್ಟಿನಲ್ಲಿ ತುಂಡನ್ನು ಅಂಗಳಕ್ಕೆ ಎಸೆದೆ. ಆಮೇಲೆ ಹೋಗಿ ಹೆಕ್ಕಿಕೊಂಡು ಹಾರ್ಡ್‌ವೇರ್ ಅಂಗಡಿಯ ಪಂಚಾಕ್ಷರಿಗೆ ತೋರಿಸಿದೆ.

"ಇದು ಇಪ್ಪತ್ನಾಲ್ಕು ಹಲ್ಲಿಂದು. ಪೆಟ್ಟಿಗೆಗೆ ಸರಿ, ಬಾಗ್ಲಿಗಲ್ಲ. ಹಲ್ಲು ಕಮ್ಮಿ ಇದ್ರೆ ಬೇಗ ಹೋಗುತ್ತೆ, ಕಿತ್ಕೊಂಡು ಹೋಗುತ್ತೆ. ನಲವತ್ತರದ್ದು ತಗೊಳ್ಳಿ. ನಿಧಾನ, ಆದ್ರೆ ನೀಟು."

ಪೆಟ್ಟಿಗೆಯ ಅಂಚನ್ನು ಯಾರೂ ನೋಡುವುದಿಲ್ಲ. ಒಳಗಿನ ಸಾಮಾನು ತೆಗೆದು ಹಲಗೆಯನ್ನು ಒಲೆಗೆ ಹಾಕುತ್ತಾರೆ. ಅಲ್ಲಿ ಬೇಗ ಕೊಯ್ದವನೇ ಜಾಣ.

"ಹಲ್ಲು ಕೆಳಗಿಂದ ಮೇಲಕ್ಕೆ ಬರುತ್ತೆ, ಸಿಗುರೇಳೋದು ಮೇಲ್ಗಡೆ. ಅದಕ್ಕೆ ಚೆನ್ನಾಗಿರೋ ಮುಖ ಕೆಳಗೆ ಮಾಡ್ಕೊಳ್ಳಿ. ಮೇಲೆ ಗೆರೆ ಎಳೆದು ಚಾಕುವಲ್ಲಿ ಒಂದ್ಸಲ ಗೀರಿ, ಟೇಪ್ ಅಂಟಿಸಿ. ಯಾರು ಕುಯ್ಯೋದು?"

"ನಾನು."

ನಕ್ಕ. "ನಿಮಗೆಷ್ಟು ಹಲ್ಲವೆ ಅಜ್ಜಿ?"

"ನಿನ್ನ ಕಚ್ಚಕ್ಕೆ ಆಗೋಷ್ಟವೆ. ಕೊಡು."

ಮನೆಗೆ ಬಂದರೆ ಕರೆಂಟಿಲ್ಲ. ಕತ್ತಲಾದ ಮೇಲೆ ಬಂತು. ಕತ್ತಲಲ್ಲಿ ಗೆರೆ ಕಾಣದು.

ಅ. 23. ಆಯುಧಪೂಜೆ

ನರೇಶ ಬೆಳಿಗ್ಗೆಯೇ ಬೈಕು ತೊಳೆದ. ಸ್ಪ್ಯಾನರು, ಸುತ್ತಿಗೆ, ಮಚ್ಚು, ನನ್ನ ಮಷಿನ್ನು, ಎಲ್ಲ ಸಾಲಾಗಿ ಇಟ್ಟು ಕುಂಕುಮ, ಸೇವಂತಿಗೆ. "ಇವತ್ತು ಯಾವ್ದೂ ಮುಟ್ಟಂಗಿಲ್ಲ ಅಮ್ಮ, ನಾಳೆ ತನಕ" ಎಂದು ನನ್ನ ಮುಖ ನೋಡಿಯೇ ಹೇಳಿದ. ಸ್ನೇಹಿತನ ವರ್ಕ್‌ಶಾಪಿನ ಪೂಜೆಗೆ ಹೋದ.

ನಾನೂ ಇಷ್ಟು ವರ್ಷ ಮುಟ್ಟಿದವಳಲ್ಲ. ಯಾರ್ಡಿನಲ್ಲಿ ಈ ದಿನ ಒಂದು ಮೊಳೆ ಹೊಡೆಯುತ್ತಿರಲಿಲ್ಲ. ಮಷಿನ್ನಿನ ಮುಂದೆ ಕೂತೆ. ಆಮೇಲೆ ಆ ಚಪ್ಪಲಿ ನೆನಪಾಯಿತು.

ಹೂವು ತೆಗೆದೆ, ಬ್ಲೇಡಿಗೆ ಸಿಕ್ಕಬಾರದೆಂದು. ಕುಂಕುಮ ಒರೆಸಲಿಲ್ಲ.

ಬಾಗಿಲು ಒಂದು ಕಡೆ ಹಿಡಿ ಎಂದರೆ ಹಣಮಂತ ನಿದ್ದೆಗಣ್ಣಲ್ಲಿ ಹಿಂಜರಿದ. "ಇವತ್ತ ಬ್ಯಾಡ್ರಿ ಅಮ್ಮಾರ. ಹಬ್ಬ ಐತಿ."

ನಾನು ಬಾಯಿ ತೆರೆಯುವ ಮುಂಚೆ ಮಹಾದೇವಿ ಅಂದಳು: "ಹಬ್ಬ ನಿಮಗೈತಿ. ರಾತ್ರಿ ನನಗೈತಿ. ಹಿಡೀರಿ ಅತ್ಲಾಗ."

ಇಷ್ಟು ದಿನ ಎಲ್ಲಿಟ್ಟಿದ್ದಳೋ ಈ ಬಾಯಿ.

ಎರಡು ಸ್ಟೂಲಿನ ಮೇಲೆ ಬಾಗಿಲು ಮಲಗಿಸಿದೆವು, ಹೊರಮುಖ ಕೆಳಗೆ. ಗೆರೆ. ಚಾಕು. ಟೇಪು. ಮಷಿನ್ ಆನಿಸಿ ಓಡಿಸಲು ಪಕ್ಕಕ್ಕೆ ನೇರ ಪಟ್ಟಿ ಬಿಗಿದೆ. ಯಾರ್ಡಿನ ಕೈ ದೂಡು ದೂಡು ಎನ್ನುತ್ತದೆ. ಹಲ್ಲು ಕಚ್ಚಿ ತಡೆದೆ. ಹತ್ತಾರು ಸಲ ಬೈದುಕೊಂಡೆ — ಮಗನನ್ನೋ ಕೈಯನ್ನೋ ಗೊತ್ತಿಲ್ಲ. ಬಾಗಿಲ ಅಡಿಯಿಂದ ಮುಕ್ಕಾಲು ಇಂಚಿನ ಚೂರು ಕಳಚಿ ಬಿತ್ತು. ಟೇಪ್ ಕಿತ್ತೆ. ಒಂದು ಸಿಗುರಿಲ್ಲ.

ಹಣಮಂತ ಬಾಗಿಲು ಏರಿಸಿ ಸ್ಕ್ರೂ ಬಿಗಿದ. ಮುಚ್ಚಿತು. ಮಹಾದೇವಿ ಒಳಗೆ ಹೋಗಿ ಚಿಲಕ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. "ಸಾಕು ಬಾರೇ ಈಚೆ!" ಎಂದು ಗದರಿದೆ. ಬರಲು ಸ್ವಲ್ಪ ಹೊತ್ತು ತೆಗೆದುಕೊಂಡಳು. ಮುಖ ತೊಳೆದಿದ್ದಳು.

ಅ. 24

ನರೇಶ ಕುಕ್ಕರುಗಾಲಲ್ಲಿ ಕೂತು ಬಾಗಿಲ ಅಡಿಗೆ ಬೆರಳು ಓಡಿಸಿದ, ಈ ತುದಿಯಿಂದ ಆ ತುದಿಗೆ. ಏನೂ ಸಿಗಲಿಲ್ಲ. "ಆಯುಧಪೂಜೆ ದಿನ ಮಷಿನ್ ಓಡ್ಸಿದ್ರೆ ಮನೆ ಉದ್ಧಾರ ಆಗುತ್ತಾ?" ಎಂದ.

"ಪೂಜೆ ಮಾಡ್ದೋನು ನೀನು, ಓಡ್ಸಿದ್ದು ನಾನು. ದೇವ್ರು ಲೆಕ್ಕ ಆಕ್ಕೊಳ್ಳಲಿ."

ಮಾತು ಬಿಟ್ಟಿದ್ದಾನೆ. ಒಳ್ಳೆಯದು.

ಅ. 25. ಸಂಜೆ

ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ನರೇಶ ಆ ಇಬ್ಬರು ಹುಡುಗರನ್ನು ಮತ್ತೆ ಕರೆತಂದಿದ್ದಾನೆ. ಮೂರನೇ ರೂಮಿನ ಬಾಗಿಲು ತಟ್ಟುತ್ತಿದ್ದಾನೆ.

"ತೆಗಿಯಮ್ಮ, ರೂಮ್ ತೋರಿಸ್ಬೇಕು."

ಒಳಗಿನಿಂದ ಮಹಾದೇವಿ: "ನಮ್ಮವ್ರು ಮಲಗ್ಯಾರ್ರಿ. ಆಮ್ಯಾಲ ಬರ್ರಿ."

"ಮನೆ ನಮ್ದು ಕಣಮ್ಮ!"

"ಹೌದ್ರಿ. ಆಮ್ಯಾಲ ಬರ್ರಿ."

ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. "ಇನ್ನೂ ಇದಾರಲ್ಲ ಗುರು. ಖಾಲಿ ಆಗಿದೆ ಅಂದಿದ್ರಿ?" ಎಂದ ಒಬ್ಬ. ಹೊರಟುಬಿಟ್ಟರು.

"ಅಮ್ಮಾ! ತೆಗೆಸು ಅವಳ ಕೈಲಿ!"

ನಾನು ಬರೆಯುತ್ತಲೇ ಇದ್ದೇನೆ. ಒಳಗೆ ಮಹಾದೇವಿ ಮೇಲಿನ ಚಿಲಕವನ್ನೂ ಹಾಕಿದಳು. ಇಲ್ಲಿಗೇ ಕೇಳಿಸಿತು. ನರೇಶ ಈಗ ನನ್ನ ಕಡೆಗೆ ಬರುತ್ತಿದ್ದಾನೆ. ಬರಲಿ.