ತಾಯಿ ಕಡೆ

ಮುಳಬಾಗಿಲು
9 ಫೆಬ್ರವರಿ 2025

ಪ್ರೀತಿಯ ಗಂಗಾ,

ಹಾಸಿನಿಯ ರಿಪೋರ್ಟ್ ಬಂದು ತಿಂಗಳಾಯಿತು, ನಾನು ಈಗ ಬರೆಯುತ್ತಿದ್ದೇನೆ. ಬೈದುಕೋ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ಆವತ್ತು ಬಾಯಲ್ಲಿ ಹೇಳಿಯೇ ಅಷ್ಟೆಲ್ಲ ಆಯಿತಲ್ಲ. ಇದನ್ನು ಭೀಮರಾಜ ಭಾವನಿಗೂ ಓದಲು ಕೊಡು.

ಮೊದಲು ಮಗುವಿನ ವಿಷಯ. ಎರಡೂವರೆ ವರ್ಷವಾದರೂ ಅವಳು ನಿಲ್ಲದಿರುವುದಕ್ಕೆ, ಮಾತು ಬಾರದಿರುವುದಕ್ಕೆ ನಿನ್ನ ಆರೈಕೆ ಕಾರಣವಲ್ಲ. ಜೀವಕೋಶದೊಳಗೆ ಶಕ್ತಿ ತಯಾರಾಗುವ ಜಾಗದಲ್ಲೇ ದೋಷವಿದೆ. ಬೆಳೆಯುವ ಮಿದುಳು ಏನನ್ನಾದರೂ ಕಲಿಯಬೇಕಾದರೆ ಹೊಸ ಹೊಸ ಪ್ರೋಟೀನು ಕಟ್ಟಿಕೊಳ್ಳಬೇಕು. ಅದಕ್ಕೆ ಬಹಳ ಶಕ್ತಿ ಬೇಕು. ಶಕ್ತಿ ಸಾಲದಿದ್ದಾಗ ಜೀವಕೋಶ ತಾನು ಬದುಕಿಕೊಳ್ಳಲು ಆ ಕೆಲಸವನ್ನೇ ಕಡಿಮೆ ಮಾಡುತ್ತದೆ. ಆಸ್ಪತ್ರೆಯಲ್ಲಿ ಇದನ್ನು ಹೇಳಿದಾಗ ಭಾವ, "ನಮ್ ಡೇರಿ ಥರ ಅನ್ನು. ಹಾಲೈತೆ, ಮಿಷನ್ನೂ ಐತೆ, ಲೋ ವೋಲ್ಟೇಜು" ಎಂದರು. ಇಷ್ಟು ವರ್ಷ ಬಯಾಲಜಿ ಪಾಠ ಮಾಡಿಯೂ ನನಗೆ ಅಷ್ಟು ಚೆನ್ನಾಗಿ ಹೇಳಲು ಬಂದಿರಲಿಲ್ಲ. "ಹಂಗಾದ್ರೆ ಒಂದು ಜನರೇಟರ್ ಹಾಕ್ಸಮ್ಮ ಅನಿತ" ಎಂದು ಅತ್ತೆ ಅಂದಾಗ ನೀನೂ ನಕ್ಕೆ.

ಜನರೇಟರ್ ಇಲ್ಲ, ಗಂಗಾ. ಅವಳ ಹೊಟ್ಟೆ ಖಾಲಿ ಬಿಡಬೇಡ. ಜ್ವರ ಬಂದರೆ ಅದೇ ದಿನ ಕೋಲಾರಕ್ಕೆ ಕರೆದೊಯ್ಯಿ. ಎಷ್ಟು ಕಲಿಯುತ್ತಾಳೆ ಎಂಬುದು ಡಾಕ್ಟರಿಗೂ ಗೊತ್ತಿಲ್ಲ.

ಇನ್ನು ಆ ಮಾತು. ಇದು ಎಲ್ಲಿಂದ ಬಂತು ಎಂದು ಅತ್ತೆ ಕೇಳಿದರು. ಡಾಕ್ಟರು ಇಂಗ್ಲಿಷಿನಲ್ಲಿ ಕೊಟ್ಟ ಉತ್ತರವನ್ನು ನಾನು "ತಾಯಿ ಕಡೆಯಿಂದ" ಎಂದೆ. ಇಂಗ್ಲಿಷಿನಲ್ಲಿ ಓದಿದವಳಿಗೆ ಅದು ಸರಿಯಾಗಿಯೇ ಕೇಳಿಸಿತು. ಅತ್ತೆಗೆ ತಾಯಿ ಕಡೆ ಎಂದರೆ ನಿನ್ನ ತವರು. ಅವರು ನಿನಗೆ ಅತ್ತೆಯಾಗುವ ಮೊದಲೇ ನಮ್ಮಪ್ಪನ ತಂಗಿ. ನಿನ್ನ ತವರೇ ಅವರ ತವರು. "ನಮ್ಮಣ್ಣನ ಮನೇದು ಅಂದ್ರೆ ನನ್ ಮಗನ್ ರಕ್ತಾನೂ ಅದೇ ಅಲ್ವೇನೇ? ಎರಡ್ ಕಡೆಯಿಂದಾನೂ ಸೇರ್ಕೊಂಡ್ತು" ಎಂದು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟರು. ಆವತ್ತಿನಿಂದ ಭಾವ ಹಾಸಿನಿಯನ್ನು ಎತ್ತಿಕೊಳ್ಳುತ್ತಿಲ್ಲ ಎಂದೆಯಲ್ಲ, "ನನ್ನಿಂದಾನೇ ಹಿಂಗಾಗಿರೋದು ಕಣೇ, ಯಾವ ಮುಖ ಇಟ್ಕೊಂಡು ಎತ್ಕೊಳ್ಳಲಿ" ಅನ್ನುತ್ತಾರೆಂದು.

ನಾನು ಹೇಳಬೇಕಾಗಿದ್ದದ್ದು "ತಾಯಿಯಿಂದ" ಎಂದು. ಶಕ್ತಿ ತಯಾರಾಗುವ ಆ ಜಾಗ ಮಗುವಿಗೆ ತಾಯಿಯಿಂದ ಮಾತ್ರ ಬರುತ್ತದೆ, ಅಮ್ಮನಿಂದ ನಿನಗೆ, ನಿನ್ನಿಂದ ಹಾಸಿನಿಗೆ. ಅಪ್ಪನ ಮನೆಯಾಗಲಿ ಅತ್ತೆಯಾಗಲಿ ಭಾವನಾಗಲಿ ಇದರಲ್ಲಿ ಇಲ್ಲ. ಈ ಕಾಯಿಲೆಯ ಮಟ್ಟಿಗೆ, ನೀನು ಹೊರಗಿನವರನ್ನು ಮದುವೆಯಾಗಿದ್ದರೂ ಇದೇ ಆಗುತ್ತಿತ್ತು. ಹೀಗೆ ಬರೆದರೆ ಭಾವನ ತಲೆಯಿಂದ ಇಳಿಸಿ ನಿನ್ನ ತಲೆಗೆ ಹೊರಿಸಿದಂತೆ ಕಾಣುತ್ತದೆ. ತಿಂಗಳಿಂದ ತಡೆದದ್ದು ಅದಕ್ಕೇ. ಇದು ಯಾರೂ ಮಾಡಿದ ತಪ್ಪಲ್ಲ, ನಿನ್ನದಂತೂ ಅಲ್ಲವೇ ಅಲ್ಲ.

ಅತ್ತೆಗೆ ನನ್ನ ನಮಸ್ಕಾರ. ಹಾಸಿನಿ ನಿಮ್ಮೆಲ್ಲರ ಕೈಯಲ್ಲಿ ಚೆನ್ನಾಗಿರಲಿ.

ನಿನ್ನ ಅಕ್ಕ,
ಅನಿತ

ತಾ.ಕ.: ಭಾವನ ಸಂಬಂಧ ಮೊದಲು ಬಂದದ್ದು ನನಗೆ, ನಾನು ಬೇಡವೆಂದೆ ಎಂಬುದು ನಿನಗೆ ಗೊತ್ತು. ಏನು ಹೇಳಿ ಬೇಡವೆಂದೆ ಎಂಬುದು ಗೊತ್ತಿಲ್ಲ. "ಸಂಬಂಧದಲ್ಲಿ ಆದ್ರೆ ಮಕ್ಕಳು ಸರಿಯಿರಲ್ಲ" ಎಂದು ಭಾವನ ಮುಖಕ್ಕೇ ಹೇಳಿದ್ದೆ. ಹದಿನೈದು ವರ್ಷದಿಂದ ಅವರು ಅದನ್ನು ಮರೆತಿಲ್ಲವೆಂದು ಆಸ್ಪತ್ರೆಯಲ್ಲಿ ಅವರು ನನ್ನನ್ನು ನೋಡಿದಾಗ ತಿಳಿಯಿತು. ನಾನೂ ಪರೀಕ್ಷೆ ಮಾಡಿಸಿಕೊಂಡೆ. ನಿನ್ನೆ ಫಲಿತಾಂಶ ಬಂತು. ನಿನ್ನಲ್ಲಿರುವ ದೋಷವೇ ನನ್ನಲ್ಲೂ ಇದೆ, ನಿನ್ನಂತೆಯೇ ತೊಂದರೆ ಕೊಡದಷ್ಟು ಕಡಿಮೆ. ನನಗೆ ಮಕ್ಕಳಾಗಲಿಲ್ಲ, ಅದಕ್ಕೆ ಯಾರಿಗೂ ಕಾಣಲಿಲ್ಲ ಅಷ್ಟೆ. ಭಾವ ಇಲ್ಲಿಯವರೆಗೆ ಓದಿದ್ದರೆ, ಕಾಗದ ಇಸಿದುಕೊಂಡು ಮಗುವನ್ನು ಅವರ ಕೈಗೆ ಕೊಡು.