ಕೂಡಿ ಉಣ್ಣುತ್ತೇವೆ ಎಂದು ಬರೆದುಕೊಟ್ಟಿರಲ್ಲ

ಸವಿತಾಳ ಅಪ್ಪನವರಿಗೆ,

ಹೇಗಿದ್ದೀರಿ ಎಂದು ಕೇಳುವುದಿಲ್ಲ. ಕೇಳಬೇಕಾದದ್ದು ಬೇರೆಯೇ ಇದೆ. ನನಗೆ ಒಂದು ಮಾತೂ ಹೇಳದೆ ಆ ಫಾರಂ ಯಾಕೆ ತುಂಬಿದಿರಿ?

ಬೇಸಿಗೆಯಲ್ಲಿ ಮಗಳನ್ನು ನೋಡಿ ಬರುತ್ತೇನೆಂದು ವಿಜಯವಾಡಕ್ಕೆ ಹೋದವರು, ಗವರ್ನರ್‌ಪೇಟೆಯ ಯಾವುದೋ ಸೇವಾಸಂಸ್ಥೆಯ ಕಚೇರಿ ಹೊಕ್ಕು, ಹೊರದೇಶದ ಸ್ವಯಂಸೇವಕರನ್ನು ನಮ್ಮ ಮನೆಯಲ್ಲಿ ಇಟ್ಟುಕೊಳ್ಳುತ್ತೇವೆಂದು ಸಹಿ ಹಾಕಿ ಬಂದಿರಿ. ಎರಡು ತಿಂಗಳಿಗೆ ನೀವೇ ಇಲ್ಲವಾದಿರಿ. ಅಂಥದೊಂದು ಫಾರಂ ಇದೆಯೆಂದೇ ತಿಳಿಯದ ನಾನು ಅವರಿಗೆ ಸುದ್ದಿ ಮುಟ್ಟಿಸುವುದು ಹೇಗೆ? ನಿಮ್ಮ ಕನ್ನಡಕ ಇನ್ನೂ ಟಿವಿ ಪಕ್ಕದಲ್ಲೇ ಇತ್ತು, ಜರ್ಮನಿಯಿಂದ ಹಾನಾ ಎಂಬ ಇಪ್ಪತ್ತೆರಡರ ಹುಡುಗಿ ತನ್ನಷ್ಟೇ ಎತ್ತರದ ಚೀಲ ಹೊತ್ತು ವಿಶಾಖಪಟ್ಟಣದ ನಮ್ಮ ಫ್ಲಾಟಿನ ಬಾಗಿಲಲ್ಲಿ ನಿಂತಿದ್ದಳು. ಸವಿತಾಗೆ ಫೋನ್ ಮಾಡಿದರೆ, "ಪರ್ವಾಲೇದಮ್ಮಾ, ಪರವಾಗಿಲ್ಲ, ನಿಂಗೂ ಜೊತೆ ಆಗ್ತದೆ, ಇರ್ಲಿ" ಎಂದಳು. ಯಾರಿಗೆ ಬೇಕಿತ್ತು ಆ ಜೊತೆ?

ಮೊದಲ ದಿನವೇ ಶುರುವಾಯಿತು. ತಾಟಿಗೆ ಬಿಸಿ ರೊಟ್ಟಿ, ಎಣ್ಣೆಗಾಯಿ ನೀಡಿ, "ಉಣ್ಣವಾ, ಆರಿ ಹೋಕ್ಕೈತಿ" ಎಂದರೆ ಕೈ ಕಟ್ಟಿ ಕೂತುಬಿಟ್ಟಳು. ನನ್ನ ಹರಕುಮುರುಕು ಇಂಗ್ಲಿಷಿನಲ್ಲಿ ಏನಾಯಿತೆಂದು ಕೇಳಿದೆ. ಚೀಲದಿಂದ ನಿಮ್ಮ ಫಾರಂನ ನಕಲು ತೆಗೆದು ತೋರಿಸಿದಳು. 'ಮನೆಯ ಪದ್ಧತಿಗಳು' ಎಂಬಲ್ಲಿ ನಿಮ್ಮದೇ ದುಂಡಗಿನ ಇಂಗ್ಲಿಷ್ ಅಕ್ಷರ. ನಮ್ಮ ಮನೆಯಲ್ಲಿ ಎಲ್ಲರೂ ಕೂಡಿಯೇ ಉಣ್ಣುತ್ತೇವೆ, ನನ್ನ ಹೆಂಡತಿ ಬಂದು ಕೂರುವವರೆಗೆ ಯಾರೂ ತುತ್ತೆತ್ತುವುದಿಲ್ಲ.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೂವತ್ತೊಂದು ವರ್ಷದಲ್ಲಿ ಒಂದು ದಿನ, ಒಂದೇ ಒಂದು ದಿನ, ಹಾಗೆ ಉಂಡಿದ್ದೇವೆಯೇ? ಫ್ಯಾಕ್ಟರಿಯಿಂದ ಬಂದು ಕೈತೊಳೆದು ಕೂತರೆ ನಿಮಗೆ ಹಂಚಿನ ಮೇಲಿಂದ ನೇರ ತಾಟಿಗೆ ಬೀಳಬೇಕು. "ಇದು ಆರೇತಿ, ಬಿಸೀದು ತಾ" ಎಂದು ಅಡುಗೆಮನೆಯ ಕಡೆ ಕೂಗುತ್ತಿದ್ದವರು ಯಾರು? ಹೊತ್ತಿದ್ದು, ಹರಿದದ್ದು ಬಟ್ಟೆಯಲ್ಲಿ ಸುತ್ತಿಟ್ಟು, ನೀವು ಎದ್ದ ಮೇಲೆ ಉಣ್ಣುತ್ತಿದ್ದವಳು ನಾನು. ಆಗ ಬೇಸರ ಅನಿಸಿರಲಿಲ್ಲ, ಖರೆ. ನಮ್ಮವ್ವನೂ ಹಾಗೇ ಉಂಡವಳು. ಆದರೆ ಪರದೇಶದವರ ಮುಂದೆ ಅಷ್ಟು ಚೆಂದದ ಸುಳ್ಳು ಬರೆದಿರಲ್ಲ, ಅದನ್ನು ಓದಿದ ಮೇಲೆ...

ಹಾನಾ ಪಟ್ಟು ಬಿಡಲಿಲ್ಲ. ಬೆಳಿಗ್ಗೆ ಬಸ್ಸು ಹಿಡಿದು ಹೋಗಿ, ಕಿವಿ ಕೇಳಿಸದ ಮಕ್ಕಳಿಗೆ ಚಿತ್ರ ಬಿಡಿಸಲು ಕಲಿಸಿ, ಹಸಿದು ಬರುತ್ತಾಳೆ. ಆದರೂ ತಾಟು ಮುಟ್ಟುವುದಿಲ್ಲ. ಶಾಲೆಯ ಟೀಚರುಗಳಿಂದ ಕಲಿತ ತೆಲುಗಿನಲ್ಲಿ "ಮೀರೂ ಕೂರ್ಚೋಂಡಿ ಅಮ್ಮಾ", ನೀವೂ ಕೂತುಕೊಳ್ಳಿ ಎಂದು ದಿನಾ ಅದೇ ರಾಗ. ನಾನು ಕೂತರೆ ರೊಟ್ಟಿ ಬಡಿಯುವವರು ಯಾರು? ಎಲ್ಲ ಮೊದಲೇ ಬಡಿದಿಟ್ಟರೆ ಮನೆಗೆ ಬಂದವಳಿಗೆ ಆರಿದ ರೊಟ್ಟಿ ಹಾಕಿದ ಹಾಗೆ. ಅನ್ನ ಮಾಡಿದ್ದರೆ ಈ ತಲೆನೋವೇ ಇರಲಿಲ್ಲ, ನಿಜ. ಆದರೆ ಬಾಗಲಕೋಟೆಯ ಜೋಳದ ಹಿಟ್ಟು ಡಬ್ಬಿಯಲ್ಲಿರುವಾಗ ನಾನು ಯಾಕೆ ಸೋಲಲಿ?

ಹದಿನೈದು ದಿನ ಈ ಜಗ್ಗಾಟ. ತಲೆ ಕೆಟ್ಟು, ಇವಳನ್ನು ಬೇರೆ ಮನೆಗೆ ಕಳಿಸಿಬಿಡಿ ಎಂದು ವಿಜಯವಾಡಕ್ಕೆ ಫೋನ್ ಮಾಡಿದೆ. ಕಚೇರಿಯ ಹೆಂಗಸು ಬಲು ಮರ್ಯಾದೆಯಿಂದ, ಹುಡುಗಿಯ ತಪ್ಪೇನು ಮೇಡಂಗಾರು ಎಂದು ಕೇಳಿದಳು. ನನ್ನನ್ನು ಊಟಕ್ಕೆ ಕರೆಯುತ್ತಾಳೆ ಎಂದು ಹೇಗೆ ಹೇಳಲಿ? ಕಾರಣ ಬರೆದು ಕಳಿಸಿ, ಮನೆ ಬದಲಿಸುತ್ತೇವೆ ಎಂದಳು.

ಅದನ್ನು ಬರೆಯಲು ಕೂತಿದ್ದೆ. ಒಳಗೆ ದಪ್ ದಪ್ ಸದ್ದು. ಹೋಗಿ ನೋಡಿದರೆ ಕಟ್ಟೆಯ ತುಂಬ ಹಿಟ್ಟು, ಹಾನಾ ರೊಟ್ಟಿ ಬಡಿಯುತ್ತಿದ್ದಾಳೆ, ಅದು ಅಂಚೆಲ್ಲ ಬಿರಿದು ಚೂರಾಗುತ್ತಿದೆ. "ಹಂಗಲ್ಲ ಕೂಸ, ಬಿಸಿ ನೀರ ಹಾಕಿ ನಾದಬೇಕು" ಎಂದು ಕೈ ಹಾಕಹೋದೆ. ಹಿಟ್ಟಿನ ಕೈಯಲ್ಲೇ ನನ್ನ ಭುಜ ಹಿಡಿದು ಸ್ಟೂಲಿನ ಮೇಲೆ ಕೂರಿಸಿದಳು. ನಾಲ್ಕನೆಯದೋ ಐದನೆಯದೋ, ಸೊಟ್ಟಗಿನ ದಪ್ಪ ರೊಟ್ಟಿಯೊಂದು ಹಂಚಿನಿಂದ ಇಳಿಯಿತು. ಎರಡು ಭಾಗ ಮಾಡಿ ಅರ್ಧ ನನ್ನ ಕೈಗಿಟ್ಟಳು. ಬೆರಳು ಸುಟ್ಟಿತು. ಅವ್ವನ ಮನೆ ಬಿಟ್ಟ ಮೇಲೆ ಯಾರೂ ನನಗೆ ಬಿಸಿ ರೊಟ್ಟಿ ಕೊಟ್ಟಿರಲಿಲ್ಲ ನೋಡ್ರಿ. ಅಳು ಬಂತು. ಅದಕ್ಕಿಂತ ಹೆಚ್ಚಾಗಿ ನಿಮ್ಮ ಮೇಲೆ ಸಿಟ್ಟು ಬಂತು.

ಕಚೇರಿಗೆ ಕಾರಣ ಬರೆದು ಕಳಿಸಲಿಲ್ಲ. ಹಾನಾ ಇನ್ನೂ ಆರು ತಿಂಗಳು ಇಲ್ಲೇ ಇರುತ್ತಾಳೆ. ಒಂದು ರೊಟ್ಟಿ ಅವಳು, ಒಂದು ನಾನು ಬಡಿಯುತ್ತೇವೆ, ಅಡುಗೆಮನೆಯಲ್ಲೇ ಹರಿದು ಹಂಚಿಕೊಂಡು ತಿನ್ನುತ್ತೇವೆ. ಇದು ನಿಮಗೆ ತಿಳಿಯದ ಸುದ್ದಿ.

ಒಂದು ಪ್ರಶ್ನೆ ಮಾತ್ರ ತಲೆ ತಿನ್ನುತ್ತಿದೆ. ನೀವು ಬರೆದದ್ದು ಬರೀ ಬಡಾಯಿಯೋ, ಇಲ್ಲಾ ಒಳಗೆಲ್ಲೋ ಇದ್ದ ಆಸೆಯೋ? ಆಸೆಯೇ ಆಗಿದ್ದರೆ ಗವರ್ನರ್‌ಪೇಟೆಯವರೆಗೆ ಹೋಗಿ ಯಾರಿಗೋ ಬರೆದುಕೊಡಬೇಕಿತ್ತೇ? ನಾನು ಒಲೆಯ ಮುಂದೆಯೇ ಇದ್ದೆನಲ್ಲ.

ನಿಮ್ಮ,
ಶಾಂತಾ