ಒಣಗದ ಅತ್ತೆ

ಮಾರ್ಚ್ 3
ಅತ್ತೆಯ ಚಿತ್ರದಲ್ಲಿ ಮೂಗು ಮೂರನೇ ಸಲ ಅಳಿಸಿದೆ. ತಮ್ಮ ಮೂಗು ಇಷ್ಟು ದಪ್ಪ ಎಂದು ಅತ್ತೆಗೆ ಒಪ್ಪಿಗೆಯಿಲ್ಲ. "ಇದು ನಮ್ಮತ್ತೆ ಮೂಗು ಕಣೆ, ನಂದಲ್ಲ." ಚಿತ್ರ ಒಣಗಿದ ಕೂಡಲೇ ಅದನ್ನೂ ಅತ್ತೆಯನ್ನೂ ಅವರ ದೊಡ್ಡ ಮಗ, ನನ್ನ ಭಾವ, ಬಂದು ತಮ್ಮ ಮನೆಗೆ ಕರೆದೊಯ್ಯುತ್ತಾರೆ. ಬೇಗ ಮುಗಿಸಬೇಕು. ಬ್ರಷ್ ಸರಿಯಾಗಿ ತೊಳೆದಿಲ್ಲ ಎಂದೂ ಅತ್ತೆಯಿಂದ ಬೈಸಿಕೊಂಡೆ.

ಮಾರ್ಚ್ 5
ಅಗಸೆ ಎಣ್ಣೆ ಖಾಲಿ. ಅಂಗಡಿ ಮುಚ್ಚಿದೆ. ಎಣ್ಣೆ ಎಣ್ಣೆಯೇ ತಾನೆ — ಕಲಿತದ್ದನ್ನೆಲ್ಲ ಗಾಳಿಗೆ ತೂರಿ ಅಡುಗೆಮನೆಯ ಕಡಲೆಕಾಯಿ ಎಣ್ಣೆಯಲ್ಲೇ ಬಣ್ಣ ಕಲಸಿದೆ. ಕೆನ್ನೆ ಎಷ್ಟು ಹೊಳೆಯಿತು... ಮುಗಿಯಿತು, ಸದ್ಯ.

ಮಾರ್ಚ್ 30
ಒಣಗಿಲ್ಲ. ಕೆನ್ನೆಗೊಂದು ನೊಣ ಅಂಟಿದೆ. ಮಚ್ಚೆ ಯಾಕೆ ಬರೆದೆ ಎಂದು ಅತ್ತೆಯ ಜಗಳ. ಬಣ್ಣದಂಗಡಿಯವನಿಗೆ ಫೋನ್ ಮಾಡಿದೆ. ಹೊಟ್ಟೆ ಹಿಡಿದುಕೊಂಡು ನಕ್ಕ. "ಮೇಡಂ, ಅಗಸೆ ಎಣ್ಣೆ ಗಾಳಿಗೆ ಗಟ್ಟಿಯಾಗತ್ತೆ. ಅಡುಗೆ ಎಣ್ಣೆ ಈ ಜನ್ಮದಲ್ಲಿ ಒಣಗಲ್ಲ."
ಭಾವನ ಫೋನ್ ಬೇರೆ. "ಇನ್ನೂ ಇಲ್ಲ ಭಾವ" ಅಂದೆ. ಪಕ್ಕದಲ್ಲೇ ಬಟ್ಟೆ ಮಡಿಸುತ್ತಿದ್ದ ಅತ್ತೆಗೆ ಬೇಸರವಾದಂತೆ ಕಾಣಲಿಲ್ಲ.

ಏಪ್ರಿಲ್ 12
ಮುಖ ಪೂರ್ತಿ ಕೆರೆದು ಅಗಸೆ ಎಣ್ಣೆಯಲ್ಲಿ ಮತ್ತೆ ಬರೆದೆ. ನೆರಳಿಗೆ ಬರೀ ಕಪ್ಪು ಬಳಿದಿದ್ದೆ. "ಗಲ್ಲದ ಕೆಳಗೆ ಯಾಕೆ ಕರೆಂಟ್ ಹೋಗಿದೆ?" ಎಂದರು. ನೀಲಿ ಬೆರೆಸಿದೆ. ಅವರು ಹೇಳಿದ್ದೇ ಸರಿ. ಒಪ್ಪಿಕೊಳ್ಳಲಿಲ್ಲ — ಆಮೇಲೆ ತಲೆ ಮೇಲೆ ಕೂರುತ್ತಾರೆ.
ಭಾವನ ಮನೆಗೆ ಹೋಗುವ ಮಾತು ಬಂತು. "ಅಲ್ಲಿ ಯಾರಿಗೂ ಪುರುಸೊತ್ತಿಲ್ಲ ಕಣೆ. ಜಗಳಕ್ಕೂ."

ಏಪ್ರಿಲ್ 27
ಒಣಗಿದೆ. ಬೆರಳಿಗೆ ಏನೂ ಹತ್ತಲಿಲ್ಲ. ಖುಷಿಯಾಗಬೇಕಿತ್ತು. ಆಗಲಿಲ್ಲ — ಅತ್ತೆ ಹೋಗುವುದು ನನಗೆ ಬೇಡ. ಆದರೆ ಒಣಗಿದ ಕೂಡಲೇ ತಿಳಿಸುತ್ತೇನೆಂದು ಕೊಟ್ಟ ಮಾತು... ಭಾವನಿಗೆ ಫೋನ್ ಮಾಡಿದೆ.

ಏಪ್ರಿಲ್ 28
ಭಾವ ಕಾರು ತಂದರು. ಅತ್ತೆಯ ಪೆಟ್ಟಿಗೆ ಬಾಗಿಲಲ್ಲೇ ಇತ್ತು. ಚಿತ್ರ ಎತ್ತುವ ಮುಂಚೆ ಭಾವ ಅದರ ಕೆನ್ನೆ ಮುಟ್ಟಿ ನೋಡಿದರು. ಬೆರಳು ಜಾರಿತು. "ಇದೇನು, ಇನ್ನೂ ಹಸೀನೇ ಇದೆಯಲ್ಲ?"
ಅತ್ತೆಯ ಕಡೆ ನೋಡಿದೆ. ತೋರುಬೆರಳು ಎಣ್ಣೆಯಿಂದ ಮಿಂಚುತ್ತಿತ್ತು. ಮೆಲ್ಲಗೆ ಬೆನ್ನ ಹಿಂದೆ ಹೋಯಿತು.
"ನನ್ನದೇ ತಪ್ಪು ಭಾವ" ಅಂದೆ. "ಬಣ್ಣ ದಪ್ಪ ಹಚ್ಚಿಬಿಟ್ಟೆ. ಇನ್ನೂ ನಾಲ್ಕೈದು ತಿಂಗಳಾದ್ರೂ ಬೇಕು."
"ಹೋಗ್ಲಿ ಬಿಡು, ಕಾಯ್ತೀನಿ" ಎಂದರು ಅತ್ತೆ, ನಮಗೆಲ್ಲ ದೊಡ್ಡ ಉಪಕಾರ ಮಾಡುವವರ ಹಾಗೆ. ಪೆಟ್ಟಿಗೆಯನ್ನು ತಾವೇ ಒಳಗೆ ಎಳೆದುಕೊಂಡರು.

ಏಪ್ರಿಲ್ 29, ಬೆಳಗ್ಗೆ
ಬರೆಯಲು ಕೂತಿದ್ದೇನಷ್ಟೆ. ಅತ್ತೆ ಬಾಗಿಲಲ್ಲಿ ನಿಂತಿದ್ದಾರೆ, ಕೈಯಲ್ಲಿ ಕಡಲೆಕಾಯಿ ಎಣ್ಣೆ ಬಟ್ಟಲು. "ಇವತ್ತಿಂದ ನೀನೇ ಹಚ್ಚು, ನಂಗೆ ಕಣ್ಣು ಸರಿಯಾಗಿ ಕಾಣಲ್ಲ. ಬೇಗ ಬಾರೆ, ಕಿವಿ ಹತ್ರ ಆಗ್ಲೇ ಒಣಗ್ತಾ—